ಉಪವಾಸದ ಮೀನು

ವಿಮಾನ ಹತ್ತಬೇಕಾದ ಮೀನಿಗೆ ಹಿಂದಿನ ಎರಡು ದಿನ ಏನೂ ತಿನ್ನಿಸಬಾರದು. ನಮ್ಮೂರಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ತಿಂದ ಮೀನು ಚೀಲದ ನೀರನ್ನು ಕೆಡಿಸುತ್ತದೆ. ಕೆಟ್ಟ ನೀರು ಮೀನನ್ನು ಉಳಿಸುವುದಿಲ್ಲ. ಹಾಗಾಗಿ ಪ್ರಯಾಣವಿರುವ ಮನೆಗಳಲ್ಲಿ ಗಾಜಿನ ತೊಟ್ಟಿಯ ಮೇಲೆ ಬಿಳಿ ಪಂಚೆ ಹೊದಿಸುತ್ತಾರೆ. ಬಂದವರು ಪ್ರೀತಿಗೆಂದು ಒಂದು ಕಾಳು ಉದುರಿಸಿಬಿಡಬಾರದು, ಅದಕ್ಕೆ. ಕಿಟಕಿಯಿಂದ ಪಂಚೆ ಕಂಡರೆ ಬೀದಿಯವರು "ಎಲ್ಲಿಗೆ ಹೊರಟ್ರಿ?" ಎಂದು ಕೇಳುತ್ತಾರೆ.

ನಮ್ಮ ಮನೆಯ ಪಂಚೆ ನೋಡಿ ಯಾರೂ ಏನೂ ಕೇಳಲಿಲ್ಲ.

ನಮ್ಮಲ್ಲಿ ಒಬ್ಬರಿಗೆ ಒಂದು ಮೀನು. ಹೆಸರಿಡುವ ದಿನ ತರುವ ಮರಿ ಆ ಮಗುವಿನ ಜೊತೆ ಬೆಳೆಯುತ್ತದೆ, ಅದರ ಜೊತೆಗೇ ಒಂದು ದಿನ ಹೋಗುತ್ತದೆ. ನಡುವಿನ ವರ್ಷಗಳಲ್ಲಿ ಬರಬರುತ್ತಾ ಅವರಂತೆಯೇ ಆಗುತ್ತದೆ. ನನ್ನ ಅತ್ತೆ ತುಂಗಮ್ಮನವರ ಮೀನು ತೊಟ್ಟಿಯ ತಳದ ಕಸವನ್ನೆಲ್ಲ ಮೂತಿಯಲ್ಲಿ ದೂಡಿ ಒಂದು ಮೂಲೆಗೆ ಒಟ್ಟುತ್ತದೆ, ಮತ್ತೆ ಬಿದ್ದರೆ ಮತ್ತೆ ಒಟ್ಟುತ್ತದೆ. ನನ್ನ ಗಂಡ ಚಿದಂಬರನ ಮೀನು ಎಡಕ್ಕೆ ವಾಲಿ ಮಲಗುತ್ತದೆ. ಬೆಳಗಿನ ಕಾಫಿಯ ಹೊತ್ತು ಕಳೆಯುವವರೆಗೆ ಯಾರ ಕಡೆಗೂ ಮುಖ ತಿರುಗಿಸುವುದಿಲ್ಲ. ನನ್ನದು ಒಂದು ಕಾಲಕ್ಕೆ ತೊಟ್ಟಿಯ ತುಂಬ ಸುತ್ತುತ್ತಿತ್ತು. ಈಗ ಕೆಲವು ತಿಂಗಳಿಂದ ತಳದಲ್ಲಿ ಕಲ್ಲಿನ ಪಕ್ಕ ಇನ್ನೊಂದು ಕಲ್ಲಿನಂತೆ ಕೂತಿದೆ. ಹಾಕಿದರೆ ತಿನ್ನುತ್ತದೆ, ಹಾಕದಿದ್ದರೆ ಕೇಳುವುದಿಲ್ಲ.

ನಮ್ಮೂರಿಗೆ ರಸ್ತೆ ಬರಲಿಲ್ಲ, ವಿಮಾನ ಬಂತು. ನಾಲ್ಕು ದಿನ ಊರು ಬಿಡುವವರು ಮೀನನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವವರು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಚಿದಂಬರ ಬಿಟ್ಟು ಹೋಗಿದ್ದ. ಬಂದರಿನ ಊರಿನಲ್ಲಿ ಅಳಿವೆಯ ಆಳ ಅಳೆಯುವ ಒಂದು ದಿನದ ಕೆಲಸ. ಮಧ್ಯಾಹ್ನ ದೋಣಿ ಮಗುಚಿತು. ದೋಣಿ ಸಿಕ್ಕಿತು, ಅಳತೆಯ ಹಗ್ಗ ಸಿಕ್ಕಿತು. ಅವನು ಸಿಗಲಿಲ್ಲ.

ಹೀಗೆ ಹೊರಗೆ ತೀರಿಕೊಂಡವರ ಮೀನು ಸಾಯುವುದಿಲ್ಲ. ಅದಕ್ಕೆ ಗೊತ್ತಿರುವುದಿಲ್ಲ. ಅದು ಕಾಯುತ್ತಿರುತ್ತದೆ. ಅದನ್ನು ಜೀವಂತವಾಗಿ ಆ ಜಾಗಕ್ಕೆ ಒಯ್ದು, ಚೀಲ ಬಿಚ್ಚದೆ ಅಲ್ಲಿನ ನೀರಿಗೆ ಮುಟ್ಟಿಸಬೇಕು. ಆಗ ತಿಳಿಯುತ್ತದೆ. ತಿಳಿದ ಮೇಲೆ ಅದು ಬರೀ ಮೀನು. ತಂದು ಊರ ಕೆರೆಗೆ ಬಿಡಬಹುದು. ತಿಳಿಯದೆ ದಾರಿಯಲ್ಲಿ ಸತ್ತರೆ ಅದರ ಮನುಷ್ಯ ದಾರಿಯಲ್ಲೇ ಉಳಿದುಬಿಡುತ್ತಾನೆ. ಹಾಗೆ ಉಳಿದವನೊಬ್ಬನ ಅಕ್ಕ ಈಗಲೂ ಪ್ರತಿ ವಿಮಾನ ಇಳಿಯುವಾಗ ತಂತಿಬೇಲಿ ಹಿಡಿದು ನಿಂತಿರುತ್ತಾಳೆ. ಇಳಿದವರನ್ನೆಲ್ಲ ನೋಡಿ, ಸೆರಗು ಸರಿಮಾಡಿಕೊಂಡು ಮನೆಗೆ ಹೋಗುತ್ತಾಳೆ. ಅವಳ ತಲೆ ನರೆತಿದೆ.

ಅತ್ತೆ ಮೀನನ್ನು ಕಳಿಸಲು ಒಪ್ಪಿರಲಿಲ್ಲ. "ಮೀನು ಬದುಕಿದೆಯಲ್ಲ," ಎನ್ನುತ್ತಿದ್ದರು, ಅಷ್ಟೇ. ನಾನು ಒತ್ತಾಯಿಸಲಿಲ್ಲ. ನನಗೆ ಆಗ ಯಾವುದಕ್ಕೂ ಒತ್ತಾಯಿಸುವ ಮನಸ್ಸಿರಲಿಲ್ಲ. ಅಳುವೂ ಬಂದಿರಲಿಲ್ಲ. ಓದಿದ ಹುಡುಗಿ, ಗಟ್ಟಿ ಎಂದು ಕೆಲವರು ಅಂದರು. ಕಲ್ಲು ಎಂದು ಉಳಿದವರು ಅಂದರು. ನಾನು ಊರ ನೀರನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ, ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದೆ.

ಒಂದು ದಿನ ಕೆಲಸದಿಂದ ಬಂದಾಗ ಚಿದಂಬರನ ತೊಟ್ಟಿಯ ಮೇಲೆ ಪಂಚೆ ಇತ್ತು. ಅವನದೇ ಪಂಚೆ, ಇಸ್ತ್ರಿ ಮಾಡಿದ್ದು. ಅತ್ತೆ ಪಕ್ಕದಲ್ಲಿ ಕುಳಿತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಬೇಲಿ ಹತ್ರ ಅವಳನ್ನ ನೋಡಿದೆ ಇವತ್ತು," ಎಂದರು ತಲೆ ಎತ್ತದೆ. "ನನ್ನ ನೋಡಿ ಜಾಗ ಬಿಟ್ಲು ಕಣೇ ನಳಿನಿ. ಪಕ್ಕದಲ್ಲಿ ನಿಂತ್ಕೊಳ್ಳಿ ಅನ್ನೋ ಹಾಗೆ."

ನಾನು ಟಿಕೆಟ್ ತೆಗೆಸಿದೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು, ನನ್ನ ಮೀನು ಮನೆಯಲ್ಲೇ.

ಹೊರಡುವ ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಮನೆಯಲ್ಲಿ ಉಪ್ಪಿಟ್ಟಿನ ವಾಸನೆ. ನಾನು ಬಾಗಿಲಲ್ಲೇ ನಿಂತೆ. ಚಿದಂಬರ ಹೋದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಉಪ್ಪಿಟ್ಟು ಮಾಡಿರಲಿಲ್ಲ. ಅವತ್ತು ರವೆ ಇನ್ನೂ ಬೇಯುತ್ತಿತ್ತು, ಚಿದಂಬರ ಚಪ್ಪಲಿ ಹಾಕಿಕೊಳ್ಳುತ್ತಿದ್ದ. "ಐದು ನಿಮಿಷ ಇರೋ," ಎಂದು ಅತ್ತೆ ಒಳಗಿನಿಂದ ಕೂಗಿದರು. "ಸಂಜೆ ಬಂದು ತಿಂತೀನಮ್ಮ, ಎತ್ತಿಡು," ಎಂದು ಅವನು ಹೋದ. ಎತ್ತಿಟ್ಟದ್ದನ್ನು ಅತ್ತೆ ಮೂರು ದಿನ ಯಾರಿಗೂ ಮುಟ್ಟಗೊಡಲಿಲ್ಲ.

"ತಿನ್ನು," ಎಂದರು ಈಗ.

"ಬೇಡ ಅತ್ತೆ, ಹಸಿವಿಲ್ಲ."

"ನಿನಗೆ ಯಾವಾಗ ಹಸಿವಿತ್ತು?" ಬೈದರು, ಆದರೆ ಕೈ ಆಗಲೇ ಡಬ್ಬಿಗೆ ತುಂಬುತ್ತಿತ್ತು. "ಇದನ್ನಾದ್ರೂ ತಗೊಂಡು ಹೋಗು. ಈ ಮನೆಯಿಂದ ಇನ್ನು ಯಾರೂ ಖಾಲಿ ಹೊಟ್ಟೇಲಿ ಹೋಗೋದು ಬೇಡ."

ತೊಟ್ಟಿಯ ಮೇಲಿನ ಪಂಚೆಯ ಮಡಿಕೆ ಬೇರೆಯಾಗಿತ್ತು. ನೋಡಿದೆ. ನೋಡಿ ಸುಮ್ಮನಾದೆ. ಆಗ ನಾನು ಎಲ್ಲವನ್ನೂ ಹಾಗೇ ನೋಡುತ್ತಿದ್ದೆ.

ವಿಮಾನ ನಿಲ್ದಾಣದಲ್ಲಿ ಮೀನು ಕಟ್ಟಿಕೊಡುವವನು ಮರಿಸ್ವಾಮಿ. ದಪ್ಪ ಪ್ಲಾಸ್ಟಿಕ್ ಚೀಲ ಒಂದರೊಳಗೊಂದು, ಮೂರರಲ್ಲಿ ಒಂದು ಪಾಲು ಮನೆಯ ತೊಟ್ಟಿಯ ನೀರು, ಉಳಿದದ್ದು ಸಿಲಿಂಡರಿನ ಆಮ್ಲಜನಕ. ವಿಮಾನ ಮೇಲೇರಿದಾಗ ಚೀಲ ಉಬ್ಬುತ್ತದೆ ಎಂದು ಸ್ವಲ್ಪ ಸಡಿಲ ಬಿಟ್ಟು ರಬ್ಬರ್ ಬ್ಯಾಂಡ್ ಸುತ್ತುತ್ತಾನೆ. ಕತ್ತಲಾಗಲಿ ಎಂದು ಪೇಪರ್ ಸುತ್ತಿ ಥರ್ಮೊಕೋಲ್ ಪೆಟ್ಟಿಗೆಗೆ ಇಳಿಸುತ್ತಾನೆ.

"ಉಪವಾಸ ತಾನೆ ಅಕ್ಕಾ?"

"ಹೌದು."

ಅವನು ಚೀಲವನ್ನು ಬೆಳಕಿಗೆ ಹಿಡಿದ. "ಹೊಟ್ಟೆ ಸ್ವಲ್ಪ ಮುಂದಿದೆಯಲ್ಲ?"

"ಅವನಿಗೂ ಹಾಗೇ ಇತ್ತು," ಎಂದೆ.

ಮರಿಸ್ವಾಮಿ ನಕ್ಕ. ನಂತರ ಯಾರ ಮೀನು ಎಂದು ನೆನಪಾಗಿ ನಗು ನಿಲ್ಲಿಸಿದ. ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕುವಾಗ ಎಂದಿಗಿಂತ ನಿಧಾನವಾಗಿ, ಚೆಂದವಾಗಿ ಹಾಕಿದ.

ಮಂಜು ಕರಗುವವರೆಗೆ ವಿಮಾನ ನಿಂತೇ ಇತ್ತು. ಎಲ್ಲರ ತೊಡೆಯ ಮೇಲೂ ಒಂದೊಂದು ಬಿಳಿ ಪೆಟ್ಟಿಗೆ. ನನ್ನ ಪಕ್ಕ ಸೂಲಗಿತ್ತಿ ಝೈನಾಬಿ. ಊರಿನ ಅರ್ಧ ಜನ ಅವರ ಕೈಗೆ ಹುಟ್ಟಿದವರು, ಚಿದಂಬರನೂ. ಮೊಮ್ಮಗಳ ಬಾಣಂತನಕ್ಕೆ ಹೊರಟಿದ್ದರು. ಮುಂದಿನ ಸೀಟಿನಲ್ಲಿ ಗರಡಿಯ ಬೋರಯ್ಯ. ಅವರ ಮೀನು ಪೆಟ್ಟಿಗೆಯೊಳಗಿಂದಲೇ ಬಾಲ ಬಡಿಯುವುದು ಎಲ್ಲರಿಗೂ ಕೇಳುತ್ತಿತ್ತು. ಆಚೆ ಕಡೆ ಹೊಸದಾಗಿ ಮದುವೆಯಾದ ಜೋಡಿ. ಮೊದಲ ಪ್ರಯಾಣದಲ್ಲಿ ಗಂಡ ಹೆಂಡಿರ ಮೀನನ್ನು ಒಂದೇ ಚೀಲಕ್ಕೆ ಹಾಕುವುದು ರೂಢಿ.

"ಜಗಳ ಆಡ್ತಿದಾವೇನೇ?" ಎಂದು ಝೈನಾಬಿ ಆ ಹುಡುಗಿಯನ್ನು ಕೇಳಿದರು.

"ಇಲ್ಲ ಅಜ್ಜಿ, ಇವರದು ಒಂದು ಮೂಲೇಲಿ ಮುನಿಸ್ಕೊಂಡು ಕೂತಿದೆ."

"ನಿಂದು ಅದಕ್ಕೆ ಏನಂದಿತೋ ಯಾರಿಗೆ ಗೊತ್ತು," ಎಂದ ಗಂಡ.

ಎಲ್ಲರೂ ನಕ್ಕರು. ಝೈನಾಬಿ ನಗುತ್ತಲೇ ನನ್ನ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಕೈ ಬಹಳ ಹೊತ್ತು ಅಲ್ಲೇ ಇತ್ತು. ವಿಮಾನ ಏರಿ ಬೆಟ್ಟಗಳು ಕೆಳಗಾದ ಮೇಲೆ ಅವರೇ ಹೇಳಿದರು.

"ತಾಯಿ, ನಿನ್ನ ಪೆಟ್ಟಿಗೇಲಿ ಸದ್ದೇ ಇಲ್ಲ."

ನಾನು ಮುಚ್ಚಳ ತೆಗೆದೆ. ಪೇಪರ್ ಬಿಡಿಸಿದೆ. ಉಬ್ಬಿದ ಚೀಲದೊಳಗೆ ನೀರು ಗಂಜಿಯ ತಿಳಿಯಂತೆ ಆಗಿತ್ತು. ಮೀನು ಮೇಲೆ ತೇಲಿ ಮೂತಿ ಹೊರಗಿಟ್ಟು ಗಾಳಿ ಗುಟುಕರಿಸುತ್ತಿತ್ತು. ಕಿವಿರಿನ ಅಂಚು ಕೆಂಪಾಗಿತ್ತು. ನೀರಿನ ತಳದಲ್ಲಿ ಅದು ಕಕ್ಕಿದ, ಅರಳಿದ ರವೆ. ರವೆಯ ನಡುವೆ ಒಂದು ಸಾಸಿವೆ ಕಾಳು.

ಪಂಚೆಯ ಮಡಿಕೆ ಯಾಕೆ ಬೇರೆಯಾಗಿತ್ತು ಎಂದು ಆಗ ಹೊಳೆಯಿತು. ಅತ್ತೆಗೆ ಉಪವಾಸದ ನಿಯಮ ಗೊತ್ತಿರಲಿಲ್ಲ ಎಂದಲ್ಲ. ನನ್ನ ಮದುವೆಯಲ್ಲಿ ಬೀಗರ ಮೀನುಗಳಿಗೆಲ್ಲ ಕಾವಲು ಕೂತವರು ಅವರೇ. ಆದರೆ ಇದು ಬೀಗರ ಮೀನಲ್ಲ.

ನಾನು ಓದಿದ್ದು ನೀರಿನ ರಸಾಯನಶಾಸ್ತ್ರ. ಚೀಲದಲ್ಲಿ ಏನಾಗುತ್ತಿದೆ, ಇನ್ನು ಏನಾಗುತ್ತದೆ ಎಂಬುದು ನನಗೆ ಸಾಲು ಸಾಲಾಗಿ ಗೊತ್ತಿತ್ತು. ಗೊತ್ತಿದ್ದೂ ಕೈ ಚೀಲವನ್ನು ಹಿಡಿದುಕೊಂಡು ಸುಮ್ಮನಿತ್ತು. ಕಣ್ಣ ಮುಂದೆ ಬಂದದ್ದು ತಂತಿಬೇಲಿ. ಬೇಲಿ ಹಿಡಿದು ನಿಂತ ಇಬ್ಬರು, ಒಬ್ಬರು ನನ್ನ ಅತ್ತೆ.

ಗಗನಸಖಿ ಸುಗಂಧಿ ಓಡಿ ಬಂದಳು. ಅವಳ ಕೈಯಲ್ಲಿ ನೀರಿನ ಬಾಟಲಿ. "ಇದನ್ನ ಹಾಕಲಾ ಅಕ್ಕಾ?"

"ಬೇಡ," ಎಂದೆ. "ಅದು ಕಾಯಿಸಿ ಆರಿಸಿದ ನೀರು. ಒಮ್ಮೆಲೇ ಹಾಕಿದರೆ ಈಗಲೇ ಹೋಗುತ್ತೆ. ಮೀನು ಇದ್ದ ನೀರೇ ಬೇಕು."

ಮೀನು ಇದ್ದ ನೀರು ಅಲ್ಲಿ ಎಲ್ಲರ ತೊಡೆಯ ಮೇಲೂ ಇತ್ತು. ಆದರೆ ನಮ್ಮಲ್ಲಿ ಒಂದು ಮನೆಯ ನೀರನ್ನು ಇನ್ನೊಂದು ಮನೆಯ ಮೀನಿಗೆ ಹಾಕುವುದಿಲ್ಲ. ಗುಣ ಹರಿಯುತ್ತದೆ. ಮುಂಗೋಪಿಯ ನೀರು ಬಿದ್ದು ಸಾಧುವಿನ ಮೀನು ಕಚ್ಚಲು ಕಲಿತದ್ದಿದೆ, ಆಮೇಲೆ ಸಾಧುವೂ. ಅದಲ್ಲದೆ ನೀರು ಕೊಡಬೇಕಾದರೆ ಕಟ್ಟಿದ ಚೀಲ ಬಿಚ್ಚಬೇಕು. ಅವರ ಮೀನಿನ ಗಾಳಿಯೂ ಹೋಗುತ್ತದೆ. ಇಂಥದನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಇಲ್ಲ ಎನ್ನುವುದು ತಪ್ಪಲ್ಲ.

ಮೀನು ಎಡಕ್ಕೆ ವಾಲಿತು. ಮಲಗುವ ವಾಲಿಕೆಯೋ ಬೇರೆಯೋ ತಿಳಿಯಲಿಲ್ಲ.

ಆ ತಿಂಗಳುಗಳಲ್ಲಿ ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಒಂದು ಲೋಟ ನೀರು ಬೇಕಾದರೂ ಎದ್ದು ತೆಗೆದುಕೊಳ್ಳುತ್ತಿದ್ದೆ. ಈಗ ಎದ್ದು ನಿಂತೆ. ವಿಮಾನ ಅಲುಗಾಡುತ್ತಿತ್ತು. ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ.

"ನನಗೆ ನೀರು ಕೊಡಿ," ಎಂದೆ. ದನಿ ನನ್ನದೆನಿಸಲಿಲ್ಲ. "ಒಂದೊಂದು ಲೋಟ ಸಾಕು. ಅವನಿಗೆ ಇನ್ನೂ ಗೊತ್ತಿಲ್ಲ. ಗೊತ್ತಾಗೋ ತನಕ ಸಾಕು."

ಬೋರಯ್ಯ ತಿರುಗಿ ನೋಡಿದರು. "ಉಪವಾಸ ಹಾಕಿರಲಿಲ್ವೇನಮ್ಮ? ಓದಿದವರು ನೀವು!"

"ಹಾಕಿದ್ವಿ. ಬೆಳಿಗ್ಗೆ ಅತ್ತೆ ಉಪ್ಪಿಟ್ಟು ತಿನ್ನಿಸಿದಾರೆ."

"ಉಪ್ಪಿಟ್ಟಾ!" ಬೋರಯ್ಯ ಸೀಟಿನ ಮೇಲಿಂದ ಬಗ್ಗಿ ಚೀಲ ನೋಡಿದರು. "ಮೀನಿಗೆ?"

"ಮೀನಿಗಲ್ಲ ಕಣೋ," ಎಂದರು ಝೈನಾಬಿ. "ಮಗನಿಗೆ." ಅಷ್ಟರಲ್ಲಿ ಅವರ ಬೆರಳು ತಮ್ಮ ಚೀಲದ ರಬ್ಬರ್ ಬ್ಯಾಂಡ್ ಬಿಚ್ಚುತ್ತಿತ್ತು. "ಇವನನ್ನ ಈ ಲೋಕಕ್ಕೆ ತಂದಿದ್ದು ಈ ಕೈ. ಹಿಡಿ ತಾಯಿ. ನನ್ನ ಮೀನು ರಾತ್ರಿ ಎಲ್ಲ ಎದ್ದಿರುತ್ತೆ, ಅಷ್ಟೇ ಅದರ ಕೆಟ್ಟ ಗುಣ."

ಹೊಸ ಜೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಲೋಟ ಅದ್ದಿದಳು. "ನಮ್ಮದರಲ್ಲಿ ಸಿಟ್ಟು ಇರಬಹುದು ಅಕ್ಕಾ," ಎಂದಳು ಸಂಕೋಚದಿಂದ.

"ಅದೂ ಇರಲಿ," ಎಂದರು ಝೈನಾಬಿ.

ಹಿಂದಿನ ಸೀಟುಗಳಿಂದ ಲೋಟಗಳು ಕೈಯಿಂದ ಕೈಗೆ ಬಂದವು. ಸುಗಂಧಿ ವಿಮಾನದ ಬಾಲದಿಂದ ಸಿಲಿಂಡರ್ ತಂದಳು. ನಮ್ಮ ವಿಮಾನದಲ್ಲಿ ಮನುಷ್ಯರಿಗೊಂದು, ಮೀನುಗಳಿಗೊಂದು ಇರುತ್ತದೆ; ಅವಳು ಗಡಿಬಿಡಿಯಲ್ಲಿ ಮನುಷ್ಯರದ್ದನ್ನು ತಂದಿದ್ದಳು, ಯಾರೂ ತಕರಾರು ಮಾಡಲಿಲ್ಲ. ನಾನು ಕೆಟ್ಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ಬಂದ ನೀರನ್ನು ಚೀಲದ ಗೋಡೆಗುಂಟ ಸಣ್ಣಗೆ ಇಳಿಸಿದೆ. ಪ್ರಯೋಗಾಲಯದಲ್ಲಿ ಕಲಿತ ಕೈ ಅದು. ಝೈನಾಬಿ ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡರು.

"ನಂದು ಯಾರೂ ತಗೊಂಡಿಲ್ಲ," ಎಂದು ಬೋರಯ್ಯ ಮುಂದಿನಿಂದ ಹೇಳಿದರು. ಅವರ ಕೈಯಲ್ಲಿ ಲೋಟವಲ್ಲ, ಸ್ಟೀಲಿನ ದೊಡ್ಡ ಊಟದ ಡಬ್ಬಿ, ಕಂಠದವರೆಗೆ ನೀರು. "ನಂದು ಬಾಲ ಬಡಿಯೋ ಜಾತಿ. ಬದುಕೋದಕ್ಕೆ ಅದೂ ಸ್ವಲ್ಪ ಬೇಕು."

ಅದನ್ನೂ ಹಾಕಿದೆ. ಚೀಲ ಕಟ್ಟಿದೆವು. ಎಲ್ಲರ ಚೀಲಗಳನ್ನೂ ಸುಗಂಧಿ ಸಾಲಾಗಿ ಬಂದು ಗಾಳಿ ತುಂಬಿಸಿ ಕಟ್ಟಿಕೊಟ್ಟಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ನಾವು ಚೀಲ ನೋಡುತ್ತಾ ಕುಳಿತೆವು. ಇಡೀ ವಿಮಾನದವರು ತಲೆ ಹೊರಳಿಸಿ ನನ್ನ ತೊಡೆ ನೋಡುತ್ತಿದ್ದರು.

ಮೀನು ಎಡಕ್ಕೆ ವಾಲಿಕೊಂಡೇ ಇತ್ತು. ಕಿವಿರು ತೆರೆಯಿತು. ಬಹಳ ಹೊತ್ತಿನ ಮೇಲೆ ಮತ್ತೆ ತೆರೆಯಿತು. ಆಮೇಲೆ, ಅದರ ಜನ್ಮದಲ್ಲೇ ಮೊದಲ ಬಾರಿಗೆ, ಬಾಲ ಎತ್ತಿ ಚೀಲಕ್ಕೆ ಒಂದು ಬಡಿಯಿತು.

"ನಂದು!" ಎಂದು ಬೋರಯ್ಯ ಸೀಟಿನಿಂದ ಎದ್ದೇಬಿಟ್ಟರು. "ನಂದು ಅದು!" ಸುಗಂಧಿ ಅವರನ್ನು ಭುಜ ಒತ್ತಿ ಕೂರಿಸಬೇಕಾಯಿತು.

ಬಂದರಿನ ಊರಿನಲ್ಲಿ ಎಲ್ಲರೂ ಅವರವರ ದಾರಿ ಹಿಡಿದರು. ಬೋರಯ್ಯ ಆಟೋ ತನಕ ಪೆಟ್ಟಿಗೆ ಹೊತ್ತು ತಂದು, "ಮನೆಗೆ ಹೋದ ಮೇಲೆ ತುಂಗಕ್ಕನ್ನ ಬೈಬೇಡಮ್ಮ," ಎಂದರು. ಬೈಯುವ ಯೋಚನೆ ನನಗೆ ಬಂದೇ ಇರಲಿಲ್ಲ.

ಅಳಿವೆಯ ದಂಡೆಯಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು. ಅವನ ದೋಣಿ ಹೊರಟದ್ದು ಇಲ್ಲಿಂದಲೇ. ನಾನು ಈ ಜಾಗವನ್ನು ನೋಡಿರಲಿಲ್ಲ. ಹುಡುಕುವಾಗ ಬಂದವರು ಚಿದಂಬರನ ಅಣ್ಣಂದಿರು, ನಾನು ಮನೆಯಲ್ಲಿದ್ದೆ. ದೊಡ್ಡ ಜಾಗವಿರಬೇಕು, ಭಯವಾಗುವಂಥದ್ದು ಎಂದುಕೊಂಡಿದ್ದೆ. ಹಾಗೇನಿರಲಿಲ್ಲ. ಬಲೆ ಒಣಗಿಸಿದ್ದರು. ಒಬ್ಬಾಕೆ ಪಾತ್ರೆ ತೊಳೆಯುತ್ತಿದ್ದಳು. ನದಿಯ ಮಣ್ಣುಬಣ್ಣದ ನೀರು ಒಂದು ಗೆರೆಯವರೆಗೆ ಬಂದು, ಗೆರೆಯ ಆಚೆ ಹಸಿರಾಗಿ ಸಮುದ್ರವಾಗುತ್ತಿತ್ತು.

ಕೊನೆಯ ಮೆಟ್ಟಿಲಲ್ಲಿ ಕುಳಿತು ಚೀಲವನ್ನು ನೀರಿಗೆ ಇಳಿಸಿದೆ. ಕೈ ಮೊಣಕೈವರೆಗೆ ಮುಳುಗಿತು. ನೀರು ಬೆಚ್ಚಗಿತ್ತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಇಷ್ಟು ದಿನ ಅವನು ತಣ್ಣಗಿದ್ದಾನೆ ಎಂದುಕೊಂಡಿದ್ದೆ.

ಮೀನು ಚೀಲದೊಳಗೆ ಒಮ್ಮೆ ಸುತ್ತಿತು. ಪ್ಲಾಸ್ಟಿಕ್ಕಿಗೆ ಮೂತಿ ಒತ್ತಿ, ಹೊರಗಿನ ನೀರಿನ ಕಡೆ ಮುಖಮಾಡಿ ನಿಂತಿತು. ಅಲೆ ಬಂದು ಚೀಲವನ್ನು ಎತ್ತಿತು, ಇಳಿಸಿತು. ಮೀನು ಎಡಕ್ಕೆ ವಾಲಿತ್ತು, ಭಾನುವಾರದ ಮಧ್ಯಾಹ್ನಗಳಲ್ಲಿ ಅವನು ದಿಂಬಿಗೆ ಕೆನ್ನೆಯೊತ್ತಿ ವಾಲುತ್ತಿದ್ದ ಹಾಗೆ. ನಾನು ನೋಡುತ್ತಲೇ ಇದ್ದೆ. ಅದು ಮೆಲ್ಲಗೆ, ಯಾರೋ ಭುಜ ಹಿಡಿದು ಎಬ್ಬಿಸಿದಂತೆ ನೆಟ್ಟಗಾಯಿತು.

ಬಾಲ ಬಡಿಯಲಿಲ್ಲ. ಮುಖ ತಿರುಗಿಸಲಿಲ್ಲ. ಒಂದು ಬೂದು ಮೀನು, ಎಲ್ಲ ಮೀನುಗಳಂತೆ ರೆಕ್ಕೆಯಾಡಿಸುತ್ತಾ ನನ್ನ ಕೈಯ ಕಡೆ ಬಂತು, ಆಚೆ ಹೋಯಿತು. ನನ್ನ ಪರಿಚಯ ಅದಕ್ಕಿರಲಿಲ್ಲ.

ಪಾತ್ರೆ ತೊಳೆಯುತ್ತಿದ್ದಾಕೆ ನನ್ನ ಕಡೆ ನೋಡಿ, ಪಾತ್ರೆಗಳನ್ನು ಬುಟ್ಟಿಗೆ ತುಂಬಿಕೊಂಡು, ಸದ್ದಾಗದಂತೆ ಎದ್ದು ಹೋದಳು. ಆಗ ನನಗೆ ತಿಳಿಯಿತು, ನಾನು ಬಹಳ ಜೋರಾಗಿ ಅಳುತ್ತಿದ್ದೇನೆ ಎಂದು.

ಎಷ್ಟೋ ಹೊತ್ತಿನ ಮೇಲೆ ಫೋನ್ ಬಂತು. ಒದ್ದೆ ಕೈಯಲ್ಲಿ ಎತ್ತಿದೆ.

"ಗೊತ್ತಾಯ್ತಾ?" ಎಂದರು ಅತ್ತೆ.

"ಗೊತ್ತಾಯ್ತು ಅತ್ತೆ."

ಆ ಕಡೆ ಯಾವುದೋ ಪಾತ್ರೆಯನ್ನು ಸರಿಸಿದ ಸದ್ದು. ಅತ್ತೆ ಕೈಗೆ ಕೆಲಸವಿಲ್ಲದೆ ಮಾತಾಡಲಾರರು.

"ದಾರೀಲಿ ಏನೂ ತೊಂದರೆ ಆಗಲಿಲ್ಲ ತಾನೆ?"

"ಇಲ್ಲ."

"ಅಲ್ಲಿ ತನಕ," ಎಂದು ನಿಲ್ಲಿಸಿದರು. ಮತ್ತೆ ಶುರು ಮಾಡಿದರು. "ಹಸ್ಕೊಂಡು ಹೋಗಲಿಲ್ಲ ತಾನೆ ಅವನು?"

ಚೀಲದೊಳಗೆ, ಎಲ್ಲರ ಮನೆಯ ನೀರಿನ ತಳದಲ್ಲಿ ಆ ಸಾಸಿವೆ ಕಾಳು ಇನ್ನೂ ಇತ್ತು. ನೀರು ಬದಲಿಸುವಾಗ ಅದನ್ನು ಮಾತ್ರ ನಾನು ತೆಗೆದಿರಲಿಲ್ಲ.

"ಇಲ್ಲ ಅತ್ತೆ. ಹೊಟ್ಟೆ ತುಂಬಿತ್ತು."

ಅತ್ತೆ ಅತ್ತರು. ನಾನು ಕೇಳಿಸಿಕೊಂಡೆ. ಇಬ್ಬರೂ ಫೋನ್ ಇಡಲಿಲ್ಲ. ಅಷ್ಟರಲ್ಲಿ ಅವರು ಮೂಗು ಒರೆಸಿಕೊಂಡು, "ಅಯ್ಯೋ, ಇದೇನೇ ಇದು," ಎಂದರು.

"ಏನು ಅತ್ತೆ?"

"ನಿನ್ನ ಮೀನು ಕಣೇ. ಮೇಲಕ್ಕೆ ಬಂದಿದೆ. ಆಗಿನಿಂದ ಗಾಜಿಗೆ ಮೂತಿ ಕುಟ್ಟಿ ಕುಟ್ಟಿ ಬಾಯಿ ಬಿಡ್ತಿದೆ. ಏನಾದ್ರೂ ಹಾಕಲಾ?"

"ಹಾಕಿ ಅತ್ತೆ," ಎಂದೆ. ಬ್ಯಾಗಿನಿಂದ ಡಬ್ಬಿ ತೆಗೆದೆ. ಉಪ್ಪಿಟ್ಟು ತಣ್ಣಗಾಗಿ ಗಟ್ಟಿಯಾಗಿತ್ತು. ಬೆರಳಲ್ಲಿ ಮುರಿದು ಬಾಯಿಗಿಟ್ಟುಕೊಂಡೆ. ಸಾಸಿವೆ ಹಲ್ಲಿಗೆ ಸಿಕ್ಕಿ ಚಿಟುಕು ಎಂದಿತು. ಮತ್ತೊಂದು ತುತ್ತು ಮುರಿದೆ.